ಅಪ್ಪ ಅಡಿಕೆ ಬೆಳೆಗಾರರು, ಐಟಿಆರ್ ಇಲ್ಲ. ಜರ್ಮನಿಗೆ ಷೆಂಗೆನ್ ವೀಸಾ ಸಿಗುತ್ತದಾ?

ಬೆಟ್ಟದಂಚು

ಎಲ್ಲರಿಗೂ ನಮಸ್ಕಾರ. ನಾನು ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದೇನೆ, ಬಂದು ನಾಲ್ಕು ವರ್ಷವಾಯಿತು. ಊರು ಶಿರಸಿ ಹತ್ತಿರದ ಒಂದು ಹಳ್ಳಿ. ಬರುವ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಸುಮಾರು ಆರು ವಾರ, ಅಪ್ಪ ಮತ್ತು ಆಯಿಯನ್ನು ಇಲ್ಲಿಗೆ ಕರೆಸಿಕೊಳ್ಳಬೇಕು ಅಂತ ಆಸೆ. ಅಪ್ಪನಿಗೆ 67, ಆಯಿಗೆ 61. ಇಬ್ಬರೂ ಇದುವರೆಗೆ ವಿಮಾನ ಹತ್ತಿದವರಲ್ಲ. ಪಾಸ್‌ಪೋರ್ಟ್ ಮಾತ್ರ ಹೋದ ವರ್ಷವೇ ಮಾಡಿಸಿಟ್ಟಿದ್ದೇನೆ.

ಎಲ್ಲಿ ಓದಿದರೂ ಮೂರು ವರ್ಷದ ಐಟಿಆರ್ (ಆದಾಯ ತೆರಿಗೆ ರಿಟರ್ನ್), ಸಂಬಳದ ಚೀಟಿ, ಆಫೀಸಿನ ರಜೆ ಪತ್ರ ಅಂತಲೇ ಬರೆದಿರುತ್ತಾರೆ. ಅಪ್ಪನ ಹತ್ತಿರ ಇವು ಒಂದೂ ಇಲ್ಲ. ಎರಡೂವರೆ ಎಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ನಡುವೆ ಒಂದಿಷ್ಟು ಬಾಳೆ. ಅಡಿಕೆ ಹೋಗುವುದು ಸಹಕಾರಿ ಸೊಸೈಟಿಗೆ. ದುಡ್ಡೂ ಅಲ್ಲಿನ ಖಾತೆಯಲ್ಲೇ ಇರುತ್ತದೆ, ಗೊಬ್ಬರ, ಕಿರಾಣಿ ಎಲ್ಲ ಅದೇ ಲೆಕ್ಕಕ್ಕೆ ಹೋಗುತ್ತದೆ, ಕೈಗೆ ಬೇಕಾದಾಗ ಮಾತ್ರ ತೆಗೆಯುತ್ತಾರೆ. ಬ್ಯಾಂಕಿನಲ್ಲಿ ಈಗ ಇರುವುದು 38 ಸಾವಿರ. ಸಾಲದ್ದಕ್ಕೆ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಅಜ್ಜ ಹೋಗಿ ಹನ್ನೊಂದು ವರ್ಷವಾಯಿತು.

ಒಬ್ಬ ಏಜೆಂಟ್ ಅಪ್ಪನಿಗೆ ಫೋನ್ ಮಾಡಿ, ಯಾರಿಂದಾದರೂ ನಾಲ್ಕು ಲಕ್ಷ ತಂದು ಎರಡು ವಾರ ಬ್ಯಾಂಕಿನಲ್ಲಿ ಇಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂದಿದ್ದಾನಂತೆ. ಅಪ್ಪನಿಗೆ ಇದು ಸುತಾರಾಂ ಇಷ್ಟವಿಲ್ಲ. "ನಮ್ಮದಲ್ಲದ ದುಡ್ಡು ತೋರಿಸಿ ಮಗಳ ಮನೆಗೆ ಬರೋದು ಬೇಡ" ಅಂತ ಹೇಳಿ ಫೋನ್ ಇಟ್ಟುಬಿಟ್ಟರು. ಆಮೇಲೆ ಆಯಿ ಮೆಲ್ಲಗೆ ಫೋನ್ ತೆಗೆದುಕೊಂಡು "ನೋಡು, ಆಗದಿದ್ದರೆ ಬೇಜಾರು ಮಾಡ್ಕೋಬೇಡ" ಅಂದರು. ಅದನ್ನು ಕೇಳಿ ರಾತ್ರಿ ನಿದ್ದೆ ಬರಲಿಲ್ಲ.

ರೈತರ ಅಪ್ಪ-ಅಮ್ಮಂದಿರನ್ನು ಕರೆಸಿಕೊಂಡವರು ಯಾರಾದರೂ ಇದ್ದೀರಾ? ಏನೇನು ಕಾಗದ ಕೊಟ್ಟಿರಿ? ನಾಲ್ಕು ದಿನ ಸ್ವಿಟ್ಜರ್ಲೆಂಡನ್ನೂ ತೋರಿಸಬೇಕು ಅಂತಿದ್ದೇನೆ, ಅದಕ್ಕೆ ಬೇರೆ ವೀಸಾ ಬೇಕಾ?

ನೆಕ್ಕರ್ ದಂಡೆ

ಸ್ವಿಟ್ಜರ್ಲೆಂಡಿನದು ಮೊದಲು ಹೇಳಿಬಿಡುತ್ತೇನೆ, ಅದು ಸುಲಭ. ಬೇರೆ ವೀಸಾ ಬೇಡ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು, ಅದರಲ್ಲಿ ಈಗ 29 ದೇಶಗಳಿವೆ, ಸ್ವಿಟ್ಜರ್ಲೆಂಡ್ ಅದರಲ್ಲಿ ಒಂದು. ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತಾರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಿಮ್ಮದು ಜರ್ಮನಿಯೇ.

ಈಗ ಮುಖ್ಯ ವಿಷಯ. ಹೋದ ವರ್ಷ ನನ್ನ ಅಪ್ಪ-ಅಮ್ಮ ಬಂದಿದ್ದರು, ತೀರ್ಥಹಳ್ಳಿ ಕಡೆಯವರು, ಅವರದೂ ಅಡಿಕೆಯೇ. ಅರ್ಜಿ ನೋಡುವ ಅಧಿಕಾರಿಗೆ ಇರುವುದು ಎರಡೇ ಪ್ರಶ್ನೆ. ಖರ್ಚು ಯಾರು ನೋಡಿಕೊಳ್ಳುತ್ತಾರೆ? ಇವರು ವಾಪಸ್ ಹೋಗುತ್ತಾರಾ? ನಾವು ಸಾಮಾನ್ಯವಾಗಿ ಮೊದಲನೆಯದಕ್ಕೇ ತಲೆ ಕೆಡಿಸಿಕೊಂಡು ಕೂರುತ್ತೇವೆ, ಎರಡನೆಯದಕ್ಕೆ ಉತ್ತರವನ್ನೇ ಕೊಡುವುದಿಲ್ಲ.

ಖರ್ಚಿನ ಪ್ರಶ್ನೆಗೆ ಜರ್ಮನಿಯಲ್ಲಿ ಗಟ್ಟಿ ದಾರಿ ಇದೆ. ನಿಮ್ಮ ಊರಿನ ಔಸ್‌ಲೆಂಡರ್‌ಬೆಹೋರ್ಡೆಗೆ (ವಿದೇಶಿಯರ ಕಚೇರಿ) ಹೋಗಿ ಫೆರ್‌ಪ್ಲಿಖ್ಟುಂಗ್ಸ್‌ಎರ್‌ಕ್ಲೇರುಂಗ್ ಮಾಡಿಸಿ. ಹೆಸರು ಉದ್ದ, ಕೆಲಸ ಸರಳ. ಅಪ್ಪ-ಅಮ್ಮ ಇಲ್ಲಿರುವಷ್ಟು ದಿನದ ಖರ್ಚು, ಆಸ್ಪತ್ರೆ ಖರ್ಚೂ ಸೇರಿ, ನನ್ನ ಹೊಣೆ ಅಂತ ನೀವು ಸರ್ಕಾರಕ್ಕೆ ಬರೆದುಕೊಡುವ ಮುಚ್ಚಳಿಕೆ ಅದು. ಮೂರು ತಿಂಗಳ ಸಂಬಳದ ಚೀಟಿ, ಮನೆ ಬಾಡಿಗೆ ಕರಾರು, ನಿಮ್ಮ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಕೇಳುತ್ತಾರೆ. ಫೀ 29 ಯೂರೋ. ಅಪ್ಪ-ಆಯಿಯ ಹೆಸರು ಅವರ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಒಂದು ಅಕ್ಷರವೂ ಹೆಚ್ಚುಕಮ್ಮಿ ಇಲ್ಲದೆ ಬರೆಸಿ. ಆರು ತಿಂಗಳಿಗಿಂತ ಹಳೆಯದಾದರೆ ನಡೆಯುವುದಿಲ್ಲ, ಆದ್ದರಿಂದ ಡಿಸೆಂಬರ್ ಅಥವಾ ಜನವರಿಯಲ್ಲಿ ಮಾಡಿಸಿದರೆ ಸರಿಹೋಗುತ್ತದೆ. ಆ ಆಫೀಸಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಇವತ್ತೇ ಇಮೇಲ್ ಹಾಕಿ.

ಇದು ಕೈಯಲ್ಲಿದ್ದರೆ 38 ಸಾವಿರಕ್ಕೆ ಹೆದರಬೇಕಿಲ್ಲ. ಎರಡನೇ ಪ್ರಶ್ನೆಗೆ ಮಾತ್ರ ಇದು ಉತ್ತರವಲ್ಲ. ಮಗಳು ಎಷ್ಟೇ ದುಡಿಯಲಿ, ಅಪ್ಪ ಊರಿಗೆ ವಾಪಸ್ ಹೋಗುತ್ತಾರೆ ಅನ್ನುವುದಕ್ಕೆ ಅದು ಸಾಕ್ಷಿಯಾಗುವುದಿಲ್ಲ, ಅಲ್ವಾ? ಆ ಸಾಕ್ಷಿ ಇರುವುದು ನಿಮ್ಮ ತೋಟದಲ್ಲಿ.

ಸೊಸೈಟಿಗೆ ಹೋಗಿ ಮೂರು ವರ್ಷದ ಖಾತೆ ಉತಾರ ತೆಗೆಸಿ, ಸಿಕ್ಕಾ, ಸಹಿ ಹಾಕಿಸಿ. ಅಡಿಕೆ ಮಾರಿದ ಬಿಲ್ಲುಗಳನ್ನು ಜೊತೆಗೆ ಇಡಿ. ನಮ್ಮ ದುಡ್ಡು ವರ್ಷಕ್ಕೆ ಎರಡು ಮೂರು ಸಲ ದೊಡ್ಡ ಮೊತ್ತದಲ್ಲಿ ಬರುತ್ತದೆ, ಉಳಿದ ತಿಂಗಳು ಖಾತೆ ಖಾಲಿ ಕಾಣುತ್ತದೆ. ಸಂಬಳದವರ ಖಾತೆ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ವಿಚಿತ್ರ. ನಾನು ಕವರಿಂಗ್ ಲೆಟರಿನಲ್ಲಿ ಇದನ್ನೇ ಬಿಡಿಸಿ ಬರೆದೆ: ಕೊಯ್ಲು ಯಾವ ತಿಂಗಳು, ಮಾರುವುದು ಯಾವಾಗ, ಈ ತಾರೀಖಿಗೆ ಬಂದ ಇಷ್ಟು ರೂಪಾಯಿ ಈ ಬಿಲ್ಲಿನದು ಅಂತ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ, ಅದಕ್ಕೇ ಐಟಿಆರ್ ಇಲ್ಲ ಅಂತಲೂ ಒಂದು ಸಾಲು. ಅಪ್ಪನ ಮಾತೇ ಸರಿ, ಹೊರಗಿನ ದುಡ್ಡು ತಂದು ಇಡುವುದು ಬೇಡವೇ ಬೇಡ.

ಪಹಣಿಗೆ: ಸಮಯ ಇದೆ, ಪೌತಿ ಖಾತೆಗೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವುದು) ಅರ್ಜಿ ಕೊಟ್ಟುಬಿಡಿ, ವೀಸಾ ಇರಲಿ ಬಿಡಲಿ ಅದು ಆಗಲೇಬೇಕಾದ ಕೆಲಸ. ಅಷ್ಟರಲ್ಲಿ ಆಗದಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ ಪಹಣಿಯ ಜೊತೆ ಇಡಿ. ಎರಡನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಮಾಡಿಸಿ. ನಮ್ಮ ಪಹಣಿಯ "ಬಿನ್", "ಕೋಂ" ಅನ್ನು ಅನುವಾದ ಮಾಡಿದವನು ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿನ ನಡುವೆ ಸೇರಿಸಿಬಿಟ್ಟಿದ್ದ. ಪಹಣಿಯವರೇ ಬೇರೆ, ಪಾಸ್‌ಪೋರ್ಟಿನವರೇ ಬೇರೆ ಅನ್ನುವ ಹಾಗೆ ಕಾಣುತ್ತಿತ್ತು. "ಇವರ ಮಗ", "ಇವರ ಹೆಂಡತಿ" ಅಂತ ತಿದ್ದಿಸಿದೆ. ಅನುವಾದ ಬಂದ ಮೇಲೆ ನೀವೇ ಕೂತು ಓದಿ.

ಭದ್ರಾ ನಾಲೆ

ಆ ಏಜೆಂಟ್ ಹೇಳಿದ್ದನ್ನು ಮಾಡಿ ಪೆಟ್ಟು ತಿಂದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಚನ್ನಗಿರಿ ತಾಲ್ಲೂಕು, ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ. ಮೊದಲ ಸಲ ಅಪ್ಪ-ಅಮ್ಮನ ಅರ್ಜಿಯನ್ನು ಊರಿನಲ್ಲಿ ಒಬ್ಬರ ಕೈಗೆ ಕೊಟ್ಟೆವು. ಅವರು ಹೇಳಿದ ಹಾಗೆ ಮಾವನಿಂದ ಐದು ಲಕ್ಷ ತಂದು ಅಪ್ಪನ ಖಾತೆಗೆ ಹಾಕಿದೆವು, ಹತ್ತು ದಿನ ಇಟ್ಟು ಸ್ಟೇಟ್‌ಮೆಂಟ್ ತೆಗೆದೆವು. ಆರು ತಿಂಗಳ ಪುಟಗಳಲ್ಲಿ ಎಲ್ಲಿಯೂ ಐವತ್ತು ಸಾವಿರ ದಾಟಿರಲಿಲ್ಲ, ಕೊನೆಯ ಪುಟದಲ್ಲಿ ಏಕಾಏಕಿ ಐದು ಲಕ್ಷ. ಯಾರು ನೋಡಿದರೂ ಗೊತ್ತಾಗುವಂಥದ್ದು.

ಇಬ್ಬರದೂ ರಿಜೆಕ್ಟ್ ಆಯಿತು. ಪಾಸ್‌ಪೋರ್ಟಿನ ಜೊತೆ ಒಂದು ಮುದ್ರಿತ ಹಾಳೆ ಬರುತ್ತದೆ, ಅದರಲ್ಲಿ ಕಾರಣಗಳ ಪಟ್ಟಿ, ನಮ್ಮದಕ್ಕೆ ಯಾವುದು ಅನ್ವಯವೋ ಅದರ ಮುಂದೆ ಗುರುತು. ನಮ್ಮದರಲ್ಲಿ ಎರಡು ಗುರುತು. ಬರುವ ಉದ್ದೇಶಕ್ಕೆ ಕೊಟ್ಟ ವಿವರ ನಂಬುವಂತಿಲ್ಲ. ವೀಸಾ ಮುಗಿಯುವ ಮೊದಲು ಹಿಂತಿರುಗುತ್ತಾರೆ ಎನ್ನುವುದರಲ್ಲಿ ಅನುಮಾನವಿದೆ. ನಲವತ್ತು ವರ್ಷ ಒಂದೇ ಊರಲ್ಲಿ ಬೇಸಾಯ ಮಾಡಿದ ಮನುಷ್ಯ, ಆ ಹಾಳೆಯ ಅರ್ಥ ಕೇಳಿದಾಗ ನಾನು ಹೇಳಲಾರದೆ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ. ಹಾಳೆಯನ್ನು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟರು.

ಫೀ ವಾಪಸ್ ಬರುವುದಿಲ್ಲ. ಈಗ ದೊಡ್ಡವರಿಗೆ ತಲೆಗೆ 90 ಯೂರೋ, 2024ರ ಜೂನ್‌ನಲ್ಲಿ 80ರಿಂದ ಏರಿಸಿದರು. ಅರ್ಜಿ ಕೇಂದ್ರದ ಸರ್ವಿಸ್ ಚಾರ್ಜ್ ಬೇರೆ.

ಎಂಟು ತಿಂಗಳು ಬಿಟ್ಟು ಎರಡನೇ ಸಲ ನಾನೇ ಕೂತು ಹಾಕಿದೆ. ಖಾತೆ ಇದ್ದ ಹಾಗೇ ತೋರಿಸಿದೆ. ಮಂಡಿ ಬಿಲ್ಲು, ಪಹಣಿ, ಬೋರ್‌ವೆಲ್ಲಿಗೆ ಮಾಡಿದ ಸಾಲದ ಕಾಗದ ಕೂಡ ಇಟ್ಟೆ. ಸಾಲ ತೋರಿಸಿದರೆ ಕೆಟ್ಟದ್ದೇನೋ ಅಂತ ಅಮ್ಮನಿಗೆ ಭಯ. ಊರಲ್ಲಿ ಕಂತು ಕಟ್ಟುತ್ತಿರುವ ಜಮೀನು ಇದೆ ಅನ್ನುವುದು ವಾಪಸ್ ಹೋಗುವುದಕ್ಕೆ ಒಂದು ಕಾರಣವೇ ತಾನೆ? ಹಿಂದಿನ ಸಲ ಆದ ತಪ್ಪನ್ನೂ ಪತ್ರದಲ್ಲಿ ಬರೆದೆ. ಹಳೆಯ ರಿಜೆಕ್ಷನ್ ಅವರ ಕಂಪ್ಯೂಟರಿನಲ್ಲಿ ಹೇಗೂ ಕಾಣುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಹನ್ನೆರಡನೇ ದಿನಕ್ಕೆ ವೀಸಾ ಬಂತು, ಇಬ್ಬರಿಗೂ.

ನಿಮಗೆ ಇನ್ನೊಂದು ಮಾತು. ಜರ್ಮನಿ ವೀಸಾ ಕೊಡದಿದ್ದಾಗ ಮೊದಲು ಒಂದು ಪತ್ರ ಬರೆದು ಮರುಪರಿಶೀಲನೆ ಕೇಳಬಹುದಿತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಹೊಸದಾಗಿ ಅರ್ಜಿ ಹಾಕಬೇಕು ಇಲ್ಲವೇ ಬರ್ಲಿನ್‌ನ ಕೋರ್ಟಿಗೆ ಹೋಗಬೇಕು. ಹಾಗಾಗಿ ಮೊದಲ ಸಲವೇ ಸರಿಯಾಗಿ ಹಾಕಿ.

ನಿವೃತ್ತ ಮೇಷ್ಟ್ರು

ತಂಗಿ, ನಾನು ಸಾಗರದವನು. ಮಗ ಮ್ಯೂನಿಕ್‌ನಲ್ಲಿದ್ದಾನೆ. ನಾನು, ನನ್ನ ಹೆಂಡತಿ, ನನ್ನ ತಮ್ಮ ಮೂವರೂ ಹೋಗಿ ಬಂದೆವು. ನನಗೆ ಪೆನ್ಷನ್ ಇರುವುದರಿಂದ ಕಾಗದದ ಕಷ್ಟ ಆಗಲಿಲ್ಲ. ತಮ್ಮ ಪೂರ್ತಿ ತೋಟದವನು, ಅವನ ವಿಷಯ ನಿನಗೆ ಉಪಯೋಗಕ್ಕೆ ಬರಬಹುದು.

ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಹತ್ತು ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ನಾವು ಹೋದದ್ದು ಡಿಸೆಂಬರ್‌ನಲ್ಲಿ. ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು, ತಮ್ಮ ಹಿಂದಿನ ರಾತ್ರಿಯವರೆಗೂ ಮೆಟ್ಟುಗತ್ತಿ ಮುಂದೆ ಕೂತಿದ್ದವನು ಹಾಗೇ ಬಸ್ ಹತ್ತಿದ್ದ. ಬೆರಳ ತುದಿಯಲ್ಲಿ ಚೊಗರು ಕಪ್ಪಗೆ ಕೂತಿತ್ತು, ಚರ್ಮ ಒಡೆದು ಗೆರೆಗೆರೆ. ಗಾಜಿನ ಮೇಲೆ ಬೆರಳಿಟ್ಟರೆ ಯಂತ್ರ ಕೆಂಪು ದೀಪ ತೋರಿಸುತ್ತಿತ್ತು. ಅಲ್ಲಿದ್ದ ಹುಡುಗಿ ಒಳ್ಳೆಯವಳು, ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಅಂದಳು, ಆಮೇಲೆ ಕ್ರೀಮು ಹಚ್ಚಿಸಿದಳು, ಒಂದೊಂದೇ ಬೆರಳನ್ನು ತಾನೇ ಒತ್ತಿ ಹಿಡಿದಳು. ಮುಕ್ಕಾಲು ಗಂಟೆ ಆಯಿತು. ತಮ್ಮನಿಗೆ ನಾಚಿಕೆಯಾಗಿ ಕೈಯನ್ನು ಪಂಚೆಯ ಮರೆಗೆ ಇಟ್ಟುಕೊಂಡು ನಿಂತಿದ್ದ. ಆದ್ದರಿಂದ ಸುಲಿಯುವ ಕಾಲದಲ್ಲಿ ಅಪಾಯಿಂಟ್‌ಮೆಂಟ್ ಬೇಡ. ಸುಲಿದು ಮುಗಿದು ಎರಡು ವಾರ ಕಳೆಯಲಿ, ಅಪ್ಪ ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲಿ. ಒಂದು ಸಲ ಸರಿಯಾಗಿ ಕೊಟ್ಟರೆ 59 ತಿಂಗಳು ಅದೇ ಗುರುತು ನಡೆಯುತ್ತದೆ.

ದಿನದ ಲೆಕ್ಕ ಹೀಗೆ ಹಾಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತೀರ ತಡವೆಂದರೆ ಹದಿನೈದು ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಜಾಸ್ತಿಯೆಂದರೆ 45 ದಿನ. ಏಪ್ರಿಲ್ ಮಧ್ಯಕ್ಕೆ ಹೊರಡುವುದಾದರೆ ಫೆಬ್ರವರಿಯ ಎರಡನೇ ವಾರ ಸರಿಯಾಗುತ್ತದೆ. ಬೇಸಿಗೆ ಹತ್ತಿರವಾದಂತೆ ದಿನ ಸಿಗುವುದಿಲ್ಲ, ಈಗಲೇ ನೋಡುತ್ತಿರು.

ವಾಪಸ್ ಹೋಗುವ ಕಾರಣ ಅಂತ ಮೇಲೆ ಬರೆದಿದ್ದಾರಲ್ಲ. ತಮ್ಮನ ಪತ್ರದಲ್ಲಿ ನಾನು ಬರೆದದ್ದು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ವಿಷಯ. ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕಾಯೆಲ್ಲ ಉದುರಿ ವರ್ಷದ ದುಡಿಮೆ ಹೋಗುತ್ತದೆ, ಆದ್ದರಿಂದ ಜೂನ್ ಮೊದಲ ವಾರ ಇವನು ತೋಟದಲ್ಲಿ ಇರಲೇಬೇಕು ಅಂತ ಬರೆದೆ. ಅವನಿಲ್ಲದಾಗ ದನ ಕರು, ನೀರು ಯಾರು ನೋಡುತ್ತಾರೆ ಅಂತಲೂ ಬರೆದೆ. ಎಲ್ಲ ನಿಜವೇ ಆಗಿದ್ದರಿಂದ ಬರೆಯುವುದು ಕಷ್ಟವಾಗಲಿಲ್ಲ. ನಿನ್ನ ಅಪ್ಪನೂ ಮೇ ಕೊನೆಗೆ ಹೊರಡುವುದು ಇದೇ ಕಾರಣಕ್ಕೇ ಇರಬೇಕು.

ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು, ಇರುವಷ್ಟು ದಿನಕ್ಕೂ, ಎಲ್ಲ ಷೆಂಗೆನ್ ದೇಶಗಳಿಗೂ ಆಗಬೇಕು. ಮೊದಲೇ ಇದ್ದ ಕಾಯಿಲೆಗೆ ಎಷ್ಟೋ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಬಿಪಿ, ಶುಗರ್ ಇದ್ದರೆ ಆ ಸಾಲನ್ನು ಗಮನವಿಟ್ಟು ಓದು, ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇಡಿಸು.

ವೀಸಾ ಬಂದ ಮೇಲೆ ಸ್ಟಿಕ್ಕರ್ ಓದಬೇಕು. ಎಂದಿನಿಂದ ಎಂದಿನವರೆಗೆ ಅನ್ನುವುದು ಬೇರೆ, ಎಷ್ಟು ದಿನ ಇರಬಹುದು ಅನ್ನುವುದು ಬೇರೆ. ಆ ಎರಡು ತಾರೀಖಿನ ನಡುವೆ ಅರವತ್ತು ದಿನ ಇದ್ದರೂ ದಿನದ ಜಾಗದಲ್ಲಿ 45 ಅಂತ ಇದ್ದರೆ 45 ದಿನವೇ.

ಮತ್ತೆ ಆಯಿಗೆ ಈಗಲೇ ಹೇಳಿಬಿಡು, ತುಪ್ಪ, ಪೇಡೆ ಕಟ್ಟಬಾರದು. ಹಾಲಿನ ಪದಾರ್ಥವನ್ನು ಒಳಗೆ ಬಿಡುವುದಿಲ್ಲ. ನನ್ನ ಹೆಂಡತಿ ಮೊಮ್ಮಗಳಿಗೆ ಅಂತ ಕಾಯಿಸಿದ ತುಪ್ಪವನ್ನು ಮನೆ ಬಾಗಿಲಲ್ಲಿ ಪೆಟ್ಟಿಗೆಯಿಂದ ತೆಗೆಸಬೇಕಾಯಿತು, ಅಷ್ಟು ಹೊತ್ತಿಗೆ ಕಣ್ಣಲ್ಲಿ ನೀರು. ಮಿಡಿ ಉಪ್ಪಿನಕಾಯಿ ಬಿಗಿಯಾಗಿ ಕಟ್ಟಿ ದೊಡ್ಡ ಪೆಟ್ಟಿಗೆಗೆ ಹಾಕಿದ್ದೆವು, ಸುಖವಾಗಿ ಬಂತು.

ಬೆಟ್ಟದಂಚು

ಮೂವರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಕೊಳೆ ಔಷಧಿಯ ಸಾಲು ಓದಿ ಮೈ ಜುಂ ಅಂತು. ಅಪ್ಪ ಮೇ ಕೊನೆಗೇ ಹೊರಡಬೇಕು ಅಂತ ಹಟ ಹಿಡಿದದ್ದು ನಿಜಕ್ಕೂ ಅದಕ್ಕೇ. ನಾನು ಎರಡು ವಾರ ಜಾಸ್ತಿ ಇರಿ ಅಂತ ಜಗಳ ಮಾಡುತ್ತಿದ್ದೆ, ಇನ್ನು ಮಾಡುವುದಿಲ್ಲ.

ಇಲ್ಲಿನ ಆಫೀಸಿಗೆ ಇಮೇಲ್ ಹಾಕಿದೆ, ಡಿಸೆಂಬರ್ 18ಕ್ಕೆ ದಿನ ಕೊಟ್ಟಿದ್ದಾರೆ. ಏಜೆಂಟ್‌ಗೆ ಬೇಡ ಅಂದಾಯಿತು. ಅಪ್ಪ ನಿನ್ನೆ ಸೊಸೈಟಿಗೆ ಹೋಗಿ ಉತಾರ ಕೇಳಿದರಂತೆ, ಯಾಕೆ ಅಂತ ಕೇಳಿದವರಿಗೆಲ್ಲ "ಮಗಳ ಮನೆಗೆ ಹೋಗ್ಲಿಕ್ಕೆ" ಅಂತ ಹೇಳಿಕೊಂಡು ಬಂದಿದ್ದಾರೆ. ಬೆರಳಿನ ವಿಷಯ ಹೇಳಿದೆ. ಆಯಿ ಪಕ್ಕದಿಂದಲೇ "ಹಾಗಾದರೆ ಈ ವರ್ಷ ನೀವು ಸುಲಿಯಲಿಕ್ಕೆ ಕೂರೋದೇ ಬೇಡ" ಅಂದರು. ಅಪ್ಪ ಒಪ್ಪಲಿಲ್ಲ. ಜನವರಿ ಕೊನೆಗೆ ಸುಲಿದು ಮುಗಿಸುತ್ತೇನೆ, ಫೆಬ್ರವರಿಗೆ ಕೈ ಸರಿಯಾಗುತ್ತದೆ ಅಂತ ಲೆಕ್ಕ ಹೇಳಿದರು.

ಒಂದೇ ಒಂದು ಉಳಿಯಿತು. ಅವರ ಮದುವೆ ರಿಜಿಸ್ಟ್ರೇಷನ್ ಆಗಿಲ್ಲ. ಆಯಿಗೆ ಅದರ ಕಾಗದ ಬೇಕಾಗುತ್ತದಾ?

ನೆಕ್ಕರ್ ದಂಡೆ

ನಮ್ಮವರದೂ ಆಗಿರಲಿಲ್ಲ. ಇಬ್ಬರ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಗಂಡ, ಹೆಂಡತಿಯ ಹೆಸರು ಇತ್ತು, ನಮಗೆ ಅದೇ ಸಾಕಾಯಿತು. ನಿಮ್ಮವರ ಪಾಸ್‌ಪೋರ್ಟಿನಲ್ಲಿ ಇದೆಯಾ ಅಂತ ಇವತ್ತೇ ಫೋಟೋ ತರಿಸಿ ನೋಡಿ. ನೀವು ಅವರ ಮಗಳು ಅನ್ನುವುದಕ್ಕೆ ನಿಮ್ಮ ಜನನ ಪ್ರಮಾಣಪತ್ರ ಇಡಿ, ಜೊತೆಗೆ ಅಪ್ಪ-ಆಯಿ ಹೆಸರಿರುವ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಪ್ರತಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ, ಮ್ಯೂನಿಕ್‌ಗೆ ನೇರ ವಿಮಾನ ಇದೆ, ಮೊದಲ ಸಲದವರಿಗೆ ನಡುವೆ ಇಳಿದು ಹತ್ತುವ ಗೋಜು ಬೇಡ. ಬುಕಿಂಗ್ ಮಾತ್ರ ತೋರಿಸಿ, ವೀಸಾ ಕೈಗೆ ಬರುವವರೆಗೆ ಟಿಕೆಟ್‌ಗೆ ಪೂರ್ತಿ ದುಡ್ಡು ಕಟ್ಟಬೇಡಿ. ಇಳಿದ ಮೇಲೆ ಗಡಿಯಲ್ಲಿ ಮುಖದ ಫೋಟೋ ತೆಗೆಯುತ್ತಾರೆ, ಬೆರಳನ್ನು ವೀಸಾಕ್ಕೆ ಕೊಟ್ಟ ಗುರುತಿನ ಜೊತೆ ತಾಳೆ ನೋಡಬಹುದು, 2025ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ಪದ್ಧತಿ, ಗಾಬರಿಯಾಗಬೇಡಿ ಅಂತ ಮೊದಲೇ ಹೇಳಿಟ್ಟಿರಿ. ಒಂದು ಹಾಳೆಯಲ್ಲಿ ನಿಮ್ಮ ವಿಳಾಸ, ಫೋನ್ ನಂಬರ್, ವಾಪಸ್ ಹೋಗುವ ತಾರೀಖು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ಅಪ್ಪನ ಜೇಬಿನಲ್ಲಿ ಇಡಿಸಿ. ನಮ್ಮಪ್ಪ ಅದನ್ನೇ ತೋರಿಸಿ ಹೊರಗೆ ಬಂದರು.