ಡ್ರಿಪ್ ಅಲಾರಂ ಮಾಡಲು ಬಂದ ಹುಡುಗರನ್ನು ಮೊದಲು ವಾರ್ಡಿಗೆ ಕರೆದುಕೊಂಡು ಹೋಗಲಾ?

ಕಾಳಿ_ದಂಡೆ (ಕಾರವಾರ):
ನಮಸ್ಕಾರ. ನಾನು ಕಾರವಾರದಲ್ಲಿ ಆಸ್ಪತ್ರೆ ಯಂತ್ರಗಳ ರಿಪೇರಿ, ಸರ್ವಿಸ್ ಮಾಡುವವನು. ಹುಬ್ಬಳ್ಳಿ ಕಡೆಯ ಒಂದು ಕಾಲೇಜಿನ ಬಯೋಮೆಡಿಕಲ್ ಹುಡುಗ ಹುಡುಗಿಯರು ಕೊನೆ ವರ್ಷದ ಪ್ರಾಜೆಕ್ಟಿಗೆ ಗೈಡ್ ಮಾಡಿ ಅಂತ ಬಂದಿದ್ದಾರೆ. ಡ್ರಿಪ್ ಅಲಾರಂ ಮಾಡುತ್ತಾರಂತೆ. ಹನಿ ಬೀಳುವ ಚೇಂಬರಿಗೆ ಒಂದು ಕ್ಲಿಪ್, ಅದರಲ್ಲಿ ಇನ್ಫ್ರಾರೆಡ್ ಸೆನ್ಸರ್, ವೈಫೈ ಇರುವ ಬೋರ್ಡು, ಬಾಟಲಿ ಖಾಲಿಯಾಗುವ ಮೊದಲು ನರ್ಸ್ ಮೊಬೈಲಿಗೆ ಮೆಸೇಜು. ಯೂಟ್ಯೂಬಿನಲ್ಲಿ ಇಂಥವು ಬೇಕಾದಷ್ಟಿವೆ. ಮೇಜಿನ ಮೇಲೆ ಚೆನ್ನಾಗೇ ಓಡುತ್ತವೆ.

ಸರ್ಕ್ಯೂಟ್ ಹೇಳಿಕೊಡುವುದು ನನಗೆ ಕಷ್ಟವಲ್ಲ. ಆದರೆ ಈ ಕಡಲ ಗಾಳಿಗೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕನೆಕ್ಟರುಗಳಿಗೆ ಹಸಿರು ಹಿಡಿಯುತ್ತದೆ, ಕರೆಂಟ್ ಹೋಗಿ ಬರುವಾಗ ವೈಫೈ ರೂಟರ್ ಮೇಲೇಳುವುದಿಲ್ಲ, ಇದೆಲ್ಲ ಅವರ ತಲೆಯಲ್ಲೇ ಇಲ್ಲ. ಮೊದಲು ಮಾಡಲು ಬಿಟ್ಟು ಆಮೇಲೆ ತಿದ್ದಲಾ, ಇಲ್ಲ ಮೊದಲೇ ವಾರ್ಡ್ ತೋರಿಸಲಾ? ಇಂಥ ಮಕ್ಕಳನ್ನು ನೋಡಿಕೊಂಡವರು ಇದ್ದರೆ ಹೇಳಿ.

ಸಿಸ್ಟರ್_ಶಿರಸಿ:
ಅಣ್ಣ, ಮೊದಲು ವಾರ್ಡಿಗೇ ಕರೆದುಕೊಂಡು ಹೋಗಿ. ಬಾಟಲಿ ಖಾಲಿಯಾಗುವುದು ನಮಗೆ ಅಷ್ಟು ದೊಡ್ಡ ತೊಂದರೆಯೇ ಅಲ್ಲ. ಪೇಶಂಟ್ ಕಡೆಯವರು ಅದನ್ನೇ ನೋಡುತ್ತಾ ಕೂತಿರುತ್ತಾರೆ, ಇನ್ನೂ ಅರ್ಧ ಇರುವಾಗಲೇ ಓಡಿ ಬರುತ್ತಾರೆ. ತೊಂದರೆ ಇರುವುದು ನಡುವೆ. ಪೇಶಂಟ್ ಕೈ ಮಡಚಿದರೆ ಹನಿ ನಿಲ್ಲುತ್ತದೆ. ಬೇಗ ಮುಗಿದರೆ ಮನೆಗೆ ಹೋಗಬಹುದು ಅಂತ ಯಾರೋ ಹನಿಯ ವೇಗ ಹೆಚ್ಚುಕಡಿಮೆ ಮಾಡುವ ರೋಲರ್ ತಿರುಗಿಸಿಬಿಟ್ಟಿರುತ್ತಾರೆ. ಸೂಜಿ ನರದಿಂದ ಜಾರಿದರೆ ಹನಿ ಬೀಳುತ್ತಲೇ ಇರುತ್ತದೆ, ಆದರೆ ಕೈ ಊದುತ್ತದೆ. ಈ ಕೊನೆಯದನ್ನು ನಿಮ್ಮ ಹುಡುಗರ ಸೆನ್ಸರ್ ಹೇಗೆ ಹಿಡಿಯುತ್ತದೆ? ಅದರ ಲೆಕ್ಕದಲ್ಲಿ ಎಲ್ಲ ಸರಿಯಿದೆ ಅಲ್ವಾ?

ಇನ್ನು ಮೊಬೈಲ್. ಡ್ಯೂಟಿಯಲ್ಲಿ ನನ್ನ ಮೊಬೈಲ್ ಬ್ಯಾಗಲ್ಲಿರುತ್ತದೆ, ಕೈಯಲ್ಲಿ ಗ್ಲೌಸ್ ಇರುತ್ತದೆ. ಮಂಚದ ಹತ್ತಿರ ಒಂದು ಲೈಟು ಸಾಕು, ಬಾಗಿಲಿಂದಲೇ ಕಾಣಬೇಕು.

ಲ್ಯಾಬ್_ಮೇಷ್ಟ್ರು:
ಸಿಸ್ಟರ್ ಹೇಳಿದ್ದು ಸರಿ, ಆದರೆ ಕಾಲೇಜಿನ ಕಷ್ಟವನ್ನೂ ಸ್ವಲ್ಪ ಕೇಳಿ. ಮಕ್ಕಳಿಗೆ ರಿವ್ಯೂ ಇರುತ್ತದೆ, ಮಾರ್ಕ್ಸ್ ಇರುತ್ತದೆ, ನಡುವೆ ಕ್ಯಾಂಪಸ್ ಇಂಟರ್‌ವ್ಯೂ. ಎರಡು ತಿಂಗಳು ವಾರ್ಡ್ ಸುತ್ತಿ ಬಂದು "ಸಮಸ್ಯೆ ಏನು ಅಂತ ಗೊತ್ತಾಯಿತು" ಅಂದರೆ ಎಕ್ಸಾಮಿನರ್ ಒಪ್ಪುತ್ತಾರಾ? ಅವರಿಗೆ ಓಡುವ ಮಾಡೆಲ್ ಬೇಕು. ಮೊದಲು ಮಾಡಲಿ, ಕೈಗೆ ಧೈರ್ಯ ಬರಲಿ. ಆಮೇಲೆ ವಾರ್ಡಲ್ಲಿ ಬೈಸಿಕೊಳ್ಳಲಿ.

ಕುಮಟಾ_ಬೆಂಗಳೂರು:
ನಾನು ಬೆಂಗಳೂರಲ್ಲಿ ಡಿವೈಸ್ ಡಿಸೈನ್ ಕೆಲಸದಲ್ಲಿದ್ದೇನೆ. ಮೇಷ್ಟ್ರೇ, ಎರಡು ತಿಂಗಳು ಯಾಕೆ ಬೇಕು, ಒಂದು ರಾತ್ರಿಯಲ್ಲೇ ಬೇಕಾದಷ್ಟು ಗೊತ್ತಾಗುತ್ತದೆ. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಒಂದು ಗುಂಪು ಕ್ಲಾಸ್ ಪ್ರಾಜೆಕ್ಟಿಗೆ ಕಡಿಮೆ ಖರ್ಚಿನ ಇನ್‌ಕ್ಯುಬೇಟರ್, ಅಂದರೆ ಎಳೆಮಗುವನ್ನು ಬೆಚ್ಚಗಿಡುವ ಪೆಟ್ಟಿಗೆ, ಮಾಡಲು ಹೊರಟಿತ್ತು. ನೇಪಾಳಕ್ಕೆ ಹೋಗಿ ನೋಡಿದರೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಸುಮ್ನೆ ಖಾಲಿ ಬಿದ್ದಿದ್ದವು. ತೂಕ ಕಡಿಮೆಯ ಮಕ್ಕಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ, ಕರೆಂಟಿಲ್ಲದ ಮನೆಗಳಲ್ಲಿ. ಕೊನೆಗೆ ಅವರು ಮಾಡಿದ್ದು ಎಂಬ್ರೇಸ್ ಅನ್ನುವ, ಮಗುವನ್ನು ಒಳಗೆ ಮಲಗಿಸುವ ಚೀಲ, ಒಳಗೆ 37 ಡಿಗ್ರಿ ಆಸುಪಾಸಿನಲ್ಲಿ ಶಾಖ ಹಿಡಿದುಕೊಳ್ಳುವ ಮೇಣದಂಥ ವಸ್ತು. ಹೋಗಿ ನೋಡದಿದ್ದರೆ ಇನ್ನೊಂದು ಅಗ್ಗದ ಪೆಟ್ಟಿಗೆ ಆಗುತ್ತಿತ್ತು, ಅಷ್ಟೇ.

ಕಾಳಿ_ದಂಡೆ ಅವರೇ, ಹುಡುಗರಿಗೆ ಒಂದು ಲೆಕ್ಕ ಕೊಡಿ. ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ (ಬಾಟಲಿಯಿಂದ ಕೈಗೆ ಬರುವ ಚೇಂಬರು, ಟ್ಯೂಬು) 1 ಮಿಲಿಗೆ 20 ಹನಿ. 500 ಮಿಲಿ ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್ಟಿನಲ್ಲಿ 1 ಮಿಲಿಗೆ 60. ಅವರ ಕ್ಲಿಪ್ಪಿಗೆ ಯಾವ ಸೆಟ್ ಹಾಕಿದ್ದಾರೆ ಅಂತ ಗೊತ್ತಾಗುವುದು ಹೇಗೆ? ಯಾವ ಸೆಟ್ ಅಂತ ಹೇಳಲು ಗುಂಡಿ ಇಟ್ಟರೂ, ಯಾರಾದರೂ ಅದನ್ನು ಒತ್ತಲು ಮರೆತರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ. ಐಎಸ್‌ಒ 14971 ಅನ್ನುವ ರಿಸ್ಕ್ ಸ್ಟ್ಯಾಂಡರ್ಡ್ ಕೇಳುವುದು ಇಂಥದ್ದನ್ನೇ. ಪುಸ್ತಕ ಕೊಟ್ಟು ಓದಿ ಅಂದರೆ ಯಾರೂ ಓದುವುದಿಲ್ಲ, ಈ ಒಂದು ಪ್ರಶ್ನೆಯಿಂದ ಅವರೇ ಪಟ್ಟಿ ಮಾಡಲಿ.

ಬಳಸುವ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆಸಿ. ಬರೀ ಎಚ್ಚರಿಸುತ್ತದಾ, ಹನಿಯನ್ನು ತಾನೇ ನಿಲ್ಲಿಸುತ್ತದಾ? ನಮ್ಮ 2017ರ ಮೆಡಿಕಲ್ ಡಿವೈಸಸ್ ರೂಲ್ಸ್‌ನಲ್ಲಿ ಅಪಾಯ ಎಷ್ಟು ಅನ್ನುವುದರ ಮೇಲೆ ಎ, ಬಿ, ಸಿ, ಡಿ ಅಂತ ವರ್ಗಗಳಿವೆ, ಆ ವಾಕ್ಯ ಬದಲಾದರೆ ವರ್ಗವೂ ಬದಲಾಗಬಹುದು. ಮತ್ತೆ, ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಪೇಶಂಟಿಗೆ ಕಟ್ಟಿ ನೋಡುವುದು ಬೇಡವೇ ಬೇಡ, ಡಾಕ್ಟರ್ ಗುರುತಿನವರಾದರೂ. ಬಕೆಟ್ಟಿಗೆ ಡ್ರಿಪ್ ಬಿಟ್ಟು ಕೆಳಗೆ ತಕ್ಕಡಿ ಇಡಿ. 1 ಮಿಲಿ ಸಲಾಯಿನ್ ಹೆಚ್ಚುಕಡಿಮೆ 1 ಗ್ರಾಂ ತೂಗುತ್ತದೆ, ಸೆನ್ಸರ್ ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಲ್ಯಾಬ್_ಮೇಷ್ಟ್ರು:
ತಕ್ಕಡಿ ಒಳ್ಳೆಯ ಐಡಿಯಾ. ಹಾಗಿದ್ದರೆ ಹನಿ ಎಣಿಸುವುದೇ ಬೇಡ, ಬಾಟಲಿಯನ್ನೇ ಲೋಡ್ ಸೆಲ್ಲಿಗೆ (ತೂಕ ಅಳೆಯುವ ಸೆನ್ಸರಿಗೆ) ತೂಗು ಹಾಕಿದರೆ? 20, 60 ಗೊಂದಲವೇ ಇರುವುದಿಲ್ಲ.

ಸಿಸ್ಟರ್_ಶಿರಸಿ:
ಸರ್, ವಾರ್ಡಲ್ಲಿ ನಡೆಯಬಹುದು. ಆದರೆ ಆಂಬುಲೆನ್ಸ್? ಶಿರಸಿಯಿಂದ ಮಣಿಪಾಲಕ್ಕೆ ಹೊರಟರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಬಾಟಲಿ ತೊಟ್ಟಿಲ ಹಾಗೆ ತೂಗುತ್ತದೆ. ನಿಮ್ಮ ತೂಕ ಏನಾಗುತ್ತದೆ? ನಮಗೆ ನಿಜವಾಗಿ ಯಾರಾದರೂ ಏನಾದರೂ ಮಾಡಿಕೊಡಬೇಕಾದ ಜಾಗ ಅದು. ಒಳಗೆ ಕೂತವರಿಗೆ ಹನಿ ಕಾಣುವುದಿಲ್ಲ, ಕೈಯಲ್ಲಿ ಬೇರೆ ಹತ್ತು ಕೆಲಸ ಇರುತ್ತದೆ.

ಕಾಳಿ_ದಂಡೆ (ಕಾರವಾರ):
ಆಂಬುಲೆನ್ಸ್ ವಿಷಯ ನಿನ್ನೆ ರಾತ್ರಿಯೇ ಹುಡುಗರಿಗೆ ಕಳಿಸಿದೆ. ಇಬ್ಬರಿಗೆ ಭಾರೀ ಖುಷಿ, ಉಳಿದವರಿಗೆ ಕೋಪ, ಆಗಲೇ ಆ್ಯಪ್ ಬರೆದುಬಿಟ್ಟಿದ್ದಾರಂತೆ. ಆ್ಯಪ್ ಇಟ್ಟುಕೊಳ್ಳಲಿ, ರಿವ್ಯೂಗೆ ಆಗುತ್ತದೆ, ಮೇಷ್ಟ್ರು ಹೇಳಿದ ಹಾಗೆ. ಲೈಟ್ ಮಾತ್ರ ಇರಲೇಬೇಕು ಅಂದಿದ್ದೇನೆ. ಡಬ್ಬಿಯನ್ನು ಅಕ್ರಿಲಿಕ್‌ನಲ್ಲಿ ಮಾಡುತ್ತೇವೆ ಅಂದರು, ದಿನಾ ಸ್ಪಿರಿಟ್ ಹಾಕಿ ಒರೆಸಿದರೆ ಅದು ಬಿರುಕು ಬಿಡುತ್ತದೆ, ಒಂದು ತುಂಡನ್ನು ಅವರ ಕೈಯಿಂದಲೇ ಒರೆಸಿಸಿ ನೋಡಬೇಕು. ಸಿಸ್ಟರ್, ನಿಮ್ಮಲ್ಲಿ ನೋಡಲು ಬರುವುದಾದರೆ ಪತ್ರ ಯಾರ ಹೆಸರಿಗೆ ಕೊಡಬೇಕು?

ಸಿಸ್ಟರ್_ಶಿರಸಿ:
ಮೊದಲು ಸೂಪರಿಂಟೆಂಡೆಂಟ್‌ಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಕೊಡಿ, ಪೇಶಂಟುಗಳ ಫೋಟೋ ತೆಗೆಯುವುದಿಲ್ಲ ಅಂತ ಅದರಲ್ಲೇ ಬರೆಯಿರಿ. ಹಗಲು ಬೇಡ, ರೌಂಡ್ಸ್ ಇರುತ್ತದೆ. ರಾತ್ರಿ ಹತ್ತರ ಮೇಲೆ ಬರಲಿ, ಊಟ ಮಾಡಿಕೊಂಡೇ ಬರಲಿ.