ಸಾಸೇಜ್ ನೂಡಲ್ಸ್ ಕ್ಯಾಸರೋಲ್: ಡಬ್ಬಿ ಸೂಪ್ ಇಲ್ಲದೆ ಆಗುತ್ತಾ?

ಮೂಡಿಗೆರೆ_ಮಳೆ:
ಎಲ್ಲರಿಗೂ ನಮಸ್ಕಾರ. ಭಾನುವಾರ ರಾತ್ರಿ ಊಟಕ್ಕೆ ಸಾಸೇಜ್ ನೂಡಲ್ಸ್ ಕ್ಯಾಸರೋಲ್ ಮಾಡೋಣ ಅಂತಿದ್ದೇನೆ, ಅಂದರೆ ಎಲ್ಲ ಒಂದೇ ಪಾತ್ರೆಯಲ್ಲಿ ಬೆರೆಸಿ ಓವನ್ನಿನಲ್ಲಿ ಬೇಯಿಸುವುದು. ಅಮೆರಿಕದಲ್ಲಿರುವ ನಾದಿನಿ ಮಾಡುವ ವಿಧಾನ ಕಳಿಸಿದ್ದಾಳೆ. ಎಗ್ ನೂಡಲ್ಸ್, ಹಂದಿ ಸಾಸೇಜ್, ಒಂದು ಡಬ್ಬಿ ಮಶ್ರೂಮ್ ಕ್ರೀಮ್ ಸೂಪ್, ಮೇಲೆ ಚೀಸ್, ಅಷ್ಟೇ. ಆ ಡಬ್ಬಿ ಸೂಪ್ ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅದರ ಬದಲು ಪ್ಯಾಕೆಟ್ ಸೂಪ್ ಪುಡಿ ಹಾಕಬಹುದಾ? ಮನೆಯಲ್ಲಿ ಆರು ಜನ. ಅತ್ತೆ, ಮಾವ ಇಬ್ಬರೂ ಹಂದಿ ತಿನ್ನುತ್ತಾರೆ, ಆದರೆ ಸಪ್ಪೆ ಅಡುಗೆ ಅಂದರೆ ತಟ್ಟೆ ಸರಿಸಿಬಿಡುತ್ತಾರೆ. ಓಟಿಜಿ (ಕರೆಂಟಿನ ಚಿಕ್ಕ ಓವನ್) ಇದೆ. ಆದರೆ ಈ ಮಳೆಯಲ್ಲಿ ಕರೆಂಟು ನಂಬುವ ಹಾಗಿಲ್ಲ.

ಹಾಸನ_ಬಿಎಂ_ರೋಡ್:
ಸೂಪ್ ಪುಡಿ ಬೇಡ ಅಕ್ಕ. ಅದರಲ್ಲೇ ಉಪ್ಪು ಜಾಸ್ತಿ. ಸಾಸೇಜಿನಲ್ಲೂ ಉಪ್ಪು, ಚೀಸಿನಲ್ಲೂ ಉಪ್ಪು. ಎಗ್ ನೂಡಲ್ಸ್ ಸಿಗದಿದ್ದರೆ ಹಕ್ಕಾ ನೂಡಲ್ಸ್ ನಡೆಯುತ್ತೆ. ಮ್ಯಾಗಿ ಥರದ್ದು ಮಾತ್ರ ಬೇಡ, ಕರಗಿ ಮುದ್ದೆಯಾಗುತ್ತೆ.

ಆಲ್ದೂರು_ಅಡುಗೆಮನೆ:
ಡಬ್ಬಿ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಕ್ಯಾಂಪ್‌ಬೆಲ್ ಕಂಪನಿ ಮಶ್ರೂಮ್ ಕ್ರೀಮ್ ಸೂಪನ್ನು ಡಬ್ಬಿಯಲ್ಲಿ ತಂದಿದ್ದು 1934ರಲ್ಲಿ. ಆಮೇಲೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಹಾಲು, ಬೆಣ್ಣೆ, ಮೈದಾದ ವೈಟ್ ಸಾಸ್ ಕಾಯಿಸುವ ಬದಲು ಡಬ್ಬಿ ತೆರೆಯುವುದೇ ಅಭ್ಯಾಸವಾಯಿತು. ನಮ್ಮಲ್ಲಿ ಹಾಲಿದೆ, ಬೆಣ್ಣೆ ಇದೆ, ಅಣಬೆ ಇದೆ. ಇನ್ನೇನು ಬೇಕು?

ಆರು ಜನಕ್ಕೆ 250 ಗ್ರಾಂ ನೂಡಲ್ಸ್, 400 ಗ್ರಾಂ ಸಾಸೇಜ್, ಮುಕ್ಕಾಲು ಲೀಟರ್ ಹಾಲು ತಗೊಳ್ಳಿ. ಫ್ರೀಜರಿನ ಸಾಸೇಜನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ. ಹಸಿ ಹಂದಿ ಸಾಸೇಜ್ ಆದರೆ ಕತ್ತರಿಸದೆ ಇಡಿಯಾಗಿ, ಸಣ್ಣ ಉರಿಯಲ್ಲಿ, ಮುಚ್ಚಿ ಬೇಯಿಸಿ. ಒಳಗೆ ಪೂರ್ತಿ ಬೇಯಲೇಬೇಕು. ಥರ್ಮಾಮೀಟರ್ ಇದ್ದರೆ ನಡುವೆ 71 ಡಿಗ್ರಿ ಬರಬೇಕು. ಕೆಲವು ಸಾಸೇಜ್‌ಗಳ ಮೇಲೆ ಪ್ಲಾಸ್ಟಿಕ್ ಥರದ ಸಿಪ್ಪೆ ಇರುತ್ತೆ, ಅದನ್ನು ಮೊದಲೇ ಸುಲಿಯಿರಿ.

ರುಚಿ ಇರುವುದೆಲ್ಲ ಮುಂದಿನ ಕೆಲಸದಲ್ಲಿ. ಸಾಸೇಜ್ ತೆಗೆದ ಮೇಲೆ ಬಾಣಲೆ ತೊಳೆಯಬೇಡಿ. ತಳದಲ್ಲಿ ಕಂದು ಬಣ್ಣದ್ದು ಅಂಟಿರುತ್ತೆ, ಸುತ್ತ ಕೊಬ್ಬು ಬಿಟ್ಟಿರುತ್ತೆ. ಅದಕ್ಕೇ ಎರಡು ಈರುಳ್ಳಿ ಹೆಚ್ಚಿ ಹಾಕಿ. ಈರುಳ್ಳಿ ನೀರು ಬಿಡುತ್ತಿದ್ದ ಹಾಗೆ ಮರದ ಸೌಟಿನಿಂದ ಕೆರೆದರೆ ಆ ಕಂದು ಎಲ್ಲ ಎದ್ದು ಬಂದು ಈರುಳ್ಳಿಗೆ ಹತ್ತುತ್ತೆ. ಆಗ ಜಜ್ಜಿದ ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಅಣಬೆ. ಅಣಬೆಯ ನೀರು ಇಂಗಿದ ಮೇಲೆ ಮೂರು ಚಮಚ ಬೆಣ್ಣೆ, ಮೂರು ದೊಡ್ಡ ಚಮಚ ಮೈದಾ. ಹಸಿ ವಾಸನೆ ಹೋಗುವ ತನಕ ಹುರಿದು, ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ತಿರುವಿ. ಸಾಸ್ ತೆಳ್ಳಗೇ ಇರಲಿ. ನೂಡಲ್ಸ್ ಓವನ್ನಿನಲ್ಲಿ ಅದನ್ನು ಹೀರಿಕೊಳ್ಳುತ್ತೆ, ಮೊದಲೇ ಗಟ್ಟಿ ಮಾಡಿದರೆ ಕೊನೆಗೆ ಒಣಕಲು.

ಅತ್ತೆ, ಮಾವನಿಗೆ ಸಪ್ಪೆ ಆಗಬಾರದು ಅಂದರೆ ಕಾಳುಮೆಣಸು. ಪುಡಿ ಬೇಡ, ಆಗ ತಾನೇ ಕುಟ್ಟಿದ್ದು, ತರಿತರಿಯಾಗಿ, ಎರಡು ಚಮಚ. ನಮ್ಮ ತೋಟಗಳಲ್ಲಿ ಬೆಳೆಯುವ ಮೆಣಸಿಗೆ ಹಂದಿ ಮಾಂಸದ ಜೊತೆ ಹೇಳಿ ಮಾಡಿಸಿದ ಜೋಡಿ, ಅಲ್ವಾ? ಉಪ್ಪು ಎಲ್ಲ ಬೆರೆತ ಮೇಲೆ ರುಚಿ ನೋಡಿ ಹಾಕಿ.

ನೂಡಲ್ಸನ್ನು ಪ್ಯಾಕೆಟ್ ಮೇಲೆ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಿರಿ. ಹೆಚ್ಚಿದ ಸಾಸೇಜ್, ಸಾಸ್ ಬೆರೆಸಿ, ಮೇಲೆ ಚೀಸ್ ತುರಿದು, 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಹೊರಗೆ ತೆಗೆದು ಹತ್ತು ನಿಮಿಷ ಬಿಟ್ಟು ಬಡಿಸಿ.

ಸಕಲೇಶಪುರ_ಘಾಟಿ:
ಕರೆಂಟು ಹೋದರೆ ಗ್ಯಾಸ್ ಮೇಲೇ ಆಗುತ್ತೆ. ಹಳೆಯ ದೋಸೆ ಹಂಚು ಕಾಯಿಸಿ, ಅದರ ಮೇಲೆ ದಪ್ಪ ತಳದ ಪಾತ್ರೆ ಇಟ್ಟು, ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ. ಗಾಜಿನ ಪಾತ್ರೆ ಮಾತ್ರ ಉರಿ ಮೇಲೆ ಇಡಬೇಡಿ. ಮೇಲ್ಗಡೆ ಕೆಂಪಗಾಗುವುದಿಲ್ಲ, ಅದಕ್ಕೆ ಬ್ರೆಡ್ ಪುಡಿ ಮಾಡಿ ಬೆಣ್ಣೆಯಲ್ಲಿ ಗರಿಗರಿಯಾಗಿ ಹುರಿದಿಟ್ಟುಕೊಂಡು ಬಡಿಸುವಾಗ ಉದುರಿಸಿ. ನಮ್ಮ ಮನೆಯಲ್ಲಿ ಮಕ್ಕಳು ಓವನ್ನಿನದ್ದಕ್ಕಿಂತ ಇದನ್ನೇ ಕೇಳುತ್ತಾರೆ.

ಮೂಡಿಗೆರೆ_ಮಳೆ:
ತುಂಬಾ ಥ್ಯಾಂಕ್ಸ್! ಇನ್ನೊಂದು ಕೇಳಲಾ? ಬೆಳಿಗ್ಗೆಯೇ ಎಲ್ಲ ಬೆರೆಸಿ ಫ್ರಿಜ್ಜಿನಲ್ಲಿ ಇಟ್ಟರೆ ಆಗುತ್ತಾ? ಮಧ್ಯಾಹ್ನ ಚಿಕ್ಕಮಗಳೂರಿಗೆ ಹೋಗಿ ಬರಬೇಕು.

ಆಲ್ದೂರು_ಅಡುಗೆಮನೆ:
ಬೆರೆಸಿ ಇಡಬೇಡಿ, ಸಂಜೆಗೆ ನೂಡಲ್ಸ್ ಊದಿಕೊಂಡು ಸಾಸೇ ಇರುವುದಿಲ್ಲ. ಸಾಸ್ ಮತ್ತು ಬೇಯಿಸಿದ ಸಾಸೇಜ್ ಆರಿಸಿ, ಫ್ರಿಜ್ಜಿನಲ್ಲಿ ಬೇರೆ ಬೇರೆ ಇಟ್ಟು ಹೋಗಿ. ಬಂದ ಮೇಲೆ ನೂಡಲ್ಸ್ ಬೇಯಿಸುವಷ್ಟರಲ್ಲಿ ಸಾಸಿಗೆ ಅರ್ಧ ಲೋಟ ಹಾಲು ಹಾಕಿ ಕುದಿಸಿ, ಅದರಲ್ಲೇ ಸಾಸೇಜನ್ನೂ ಬಿಸಿ ಮಾಡಿ, ಬೆರೆಸಿ ಓವನ್ನಿಗೆ ಇಡಿ.