ಪ್ರತಿ ಊರಲ್ಲೂ ನಮ್ಮ ಸಮುದ್ರ ಕೈಕೊಡುತ್ತಿದೆ, ಏನು ಮಾಡೋಣ?

ಪರದೆ ಹಿಂದಿನವಳು:
ನಮ್ಮದು ಐದು ಜನರ ಪುಟ್ಟ ತಂಡ. ಮಕ್ಕಳಿಗೆ ಅಂತ 50 ನಿಮಿಷದ ನಾಟಕ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದೇವೆ. ಕಾಣೆಯಾದ ಹಡಗನ್ನು ಹುಡುಕಲು ಒಬ್ಬ ಹುಡುಗಿ ಕಡಲಿಗೆ ಇಳಿಯುತ್ತಾಳೆ. ಜೊತೆಗೆ ಒಬ್ಬ ಕ್ಯಾಪ್ಟನ್, ಈಜು ಬಾರದ ಅಡುಗೆಯವನು, ಬಾಯಿ ಮುಚ್ಚದ ಗಿಳಿ. ಗಿಳಿ ಎಲ್ಲ ಕಡೆಯೂ ಗೆಲ್ಲುತ್ತದೆ. ಸೋಲುವುದು ಸಮುದ್ರ.

ಬಿರುಗಾಳಿ ದೃಶ್ಯಕ್ಕೆ 24 ಅಡಿ ಉದ್ದದ ನೀಲಿ ಬಟ್ಟೆ ಇದೆ. ಎರಡೂ ವಿಂಗ್‌ನಿಂದ, ಅಂದರೆ ವೇದಿಕೆಯ ಪಕ್ಕದ ಮರೆಯಿಂದ, ಹಿಡಿದು ಅಲ್ಲಾಡಿಸುತ್ತೇವೆ. ರಿಹರ್ಸಲ್‌ನಲ್ಲಿ ಸೊಗಸಾಗಿತ್ತು. ಒಂದು ಕಡೆ ವೇದಿಕೆ ಬರೀ 18 ಅಡಿ ಇತ್ತು, ಸಮುದ್ರ ಒಣಹಾಕಿದ ಬೆಡ್‌ಶೀಟಿನ ಹಾಗೆ ಜೋತುಬಿತ್ತು. ಇನ್ನೊಂದು ಕಡೆ ವಿಂಗೇ ಇಲ್ಲ. ಮೊನ್ನೆಯಂತೂ ಮುಂದಿನ ಸಾಲಿನ ಪುಟಾಣಿಯೊಬ್ಬ ಬಟ್ಟೆಯ ಅಂಚು ಹಿಡಿದವನು ಬಿಡಲೇ ಇಲ್ಲ. ನಮ್ಮ ಕ್ಯಾಪ್ಟನ್ ಮುಳುಗುವುದನ್ನು ಬಿಟ್ಟು ಅವನ ಜೊತೆ ಹಗ್ಗಜಗ್ಗಾಟ ಆಡಬೇಕಾಯಿತು. ಸಾಲದ್ದಕ್ಕೆ ಸಿಡಿಲು ಹೊಡೆದಾಗ ಪೂರ್ತಿ ಬ್ಲ್ಯಾಕೌಟ್ ಮಾಡುತ್ತೇವೆ, ಐದಾರು ವರ್ಷದವರು ಅಳಲು ಶುರು.

ಯಾವ ಜಾಗಕ್ಕಾದರೂ ಹೊಂದುವ, ಒಂದು ವ್ಯಾನಿನಲ್ಲಿ ಹಿಡಿಸುವ ಸಮುದ್ರ ಬೇಕು. ಪ್ರೊಜೆಕ್ಟರ್ ಅನ್ನಬೇಡಿ, ಕೈಮುಗಿಯುತ್ತೇನೆ.

ಹಳೇ ಪಾತ್ರಧಾರಿ:
ಈ ತಲೆನೋವು ನಿಮ್ಮೊಬ್ಬರದೇ ಅಲ್ಲ. 1638ರಲ್ಲೇ ಇಟಲಿಯ ರಂಗಶಿಲ್ಪಿ ಸಬ್ಬತ್ತೀನಿ ರಂಗದ ಮೇಲೆ ಸಮುದ್ರ ಮಾಡುವ ಬಗೆಗಳನ್ನು ಬರೆದಿಟ್ಟಿದ್ದಾನೆ. ನಿಮ್ಮ ಬಟ್ಟೆಯೂ ಅದರಲ್ಲಿದೆ. ಇನ್ನೊಂದು ಬಗೆ, ತಿರುಚಿದ ಉದ್ದನೆಯ ಉರುಳೆಗಳನ್ನು ಸಾಲಾಗಿ ಮಲಗಿಸಿ ತಿರುಗಿಸುವುದು. ಸ್ವೀಡನ್ನಿನ ಡ್ರಾಟ್ನಿಂಗ್‌ಹೋಮ್ ಅರಮನೆಯ ರಂಗಮಂದಿರ 1766ರದು, ಅಲ್ಲಿ ಅಂಥ ಅಲೆಯಂತ್ರ ಇವತ್ತಿಗೂ ತಿರುಗುತ್ತದೆ. ಆದರೆ ಅದನ್ನು ವ್ಯಾನಿಗೆ ಹಾಕಲು ಆಗಲ್ಲ ಬಿಡಿ.

ನಿಮ್ಮ ಬಟ್ಟೆ ದಪ್ಪ ಹತ್ತಿಯದು ಅನ್ನಿಸುತ್ತದೆ, ಹೌದಾ? ಅದು ಗಾಳಿ ಹಿಡಿಯಲ್ಲ. ತೆಳು ರೇಷ್ಮೆಯಂಥದ್ದು ತಗೊಳ್ಳಿ. ಗಬಕ್ಕನೆ ಮೇಲೆತ್ತಿ, ನಿಧಾನಕ್ಕೆ ಇಳಿಸಿ. ಬಟ್ಟೆಯ ಕೆಳಗೆ ಸಿಕ್ಕಿದ ಗಾಳಿಯೇ ಅಲೆ. ಸುಮ್ನೆ ಬಡಬಡ ಅಲ್ಲಾಡಿಸಿದರೆ ಅದು ಧೂಳು ಕೊಡವಿದ ಹಾಗೆ. ಒಂದೇ ಉದ್ದದ್ದು ಬೇಡ, 8 ಅಡಿಯ ಮೂರು ತುಂಡು ಮಾಡಿ. ಚಿಕ್ಕ ವೇದಿಕೆಗೆ ಎರಡೇ ಸಾಕು.

ಡೆಕ್ಕಿನಿಂದ ಇಳಿದವನು:
ನಾಟಕ ನನಗೆ ಗೊತ್ತಿಲ್ಲ, ಹಡಗು ಗೊತ್ತು. ಸರಕು ಹಡಗಿನಲ್ಲಿದ್ದೆ. ನಾಟಕಗಳಲ್ಲಿ ಬಿರುಗಾಳಿ ಬಂದರೆ ಸಾಕು, ಎಲ್ಲರೂ ಕುಡಿದವರ ಹಾಗೆ ತಲೆಗೊಂದು ದಿಕ್ಕಿಗೆ ಓಲಾಡುತ್ತಾರೆ. ಹಡಗು ಒಂದೇ ಅಲ್ವಾ? ವಾಲಿದರೆ ಎಲ್ಲರಿಗೂ ಒಟ್ಟಿಗೇ ವಾಲುತ್ತದೆ.

ಒಂದು ಲಾಂದ್ರ ತೂಗುಹಾಕಿ. ಹಡಗು ಎಡಕ್ಕೆ ವಾಲಿದಾಗ ಲಾಂದ್ರದ ಬುಡ ಎಡಕ್ಕೆ ಬಂದಂತೆ ಕಾಣುತ್ತದೆ. ನಿಂತವರ ತಲೆ ಮಾತ್ರ ಬಲಕ್ಕೆ ಹೋಗುತ್ತದೆ. ಯಾಕೆಂದರೆ ನಿಜಕ್ಕೂ ನೆಟ್ಟಗಿರುವುದು ಲಾಂದ್ರ ಮತ್ತು ಮನುಷ್ಯರು, ಓರೆಯಾಗಿರುವುದು ಡೆಕ್ಕು, ಅಂದರೆ ಹಡಗಿನ ನೆಲ. ಹಾಗಾಗಿ ಲಾಂದ್ರದ ಹಗ್ಗ, ನಟರ ಬೆನ್ನು ಎರಡೂ ಒಂದೇ ಓರೆಯಲ್ಲಿರಬೇಕು. ಸೊಂಟ ಬಗ್ಗಿಸಬಾರದು, ಕಣಕಾಲಿನಿಂದ ಇಡೀ ಮೈ ವಾಲಬೇಕು.

ಲಾಂದ್ರವನ್ನು ಸುಮ್ಮನೆ ತೂಗಲು ಬಿಡಬೇಡಿ. ಒಂದು ಮೀಟರ್ ಹಗ್ಗವಾದರೆ ಎರಡು ಸೆಕೆಂಡಿಗೆ ಒಂದು ಸುತ್ತು ಹೋಗಿಬರುತ್ತದೆ, ಗಡಿಯಾರದ ಹಾಗೆ. ನಮ್ಮ ಹಡಗು ಆ ಕಡೆ ಈ ಕಡೆ ವಾಲಿ ಮರಳಲು ಹತ್ತು ಸೆಕೆಂಡಿನ ಮೇಲೆ ಹಿಡಿಯುತ್ತಿತ್ತು. ದೋಣಿ ಚಿಕ್ಕದಾದರೆ ಬೇಗ. ಹಗ್ಗದ ಬದಲು ಕಪ್ಪು ಕೋಲು ಹಾಕಿ, ಹಿಂದಿನಿಂದ ಒಬ್ಬರು ಕೈಯಲ್ಲಿ ನಿಧಾನಕ್ಕೆ ಆಡಿಸಲಿ.

ಇಬ್ಬರ ಅಮ್ಮ:
ಬ್ಲ್ಯಾಕೌಟ್ ತೆಗೆದುಹಾಕಿ. ಲಾಂದ್ರ ಒಂದು ಉರಿಯುತ್ತಿರಲಿ. ನನ್ನ ಚಿಕ್ಕವನಿಗೆ ಸಿಡಿಲಿನ ಭಯ ಇಲ್ಲ, ಪಕ್ಕದಲ್ಲಿ ನಾನು ಕಾಣದೇ ಹೋದರೆ ಭಯ. ಆ ಬಟ್ಟೆ ಎಳೆಯುವವನಿಗೆ ಏನಾದರೂ ಕೆಲಸ ಕೊಡಿ. ಅಂಗೈ ಉಜ್ಜಿದರೆ ತುಂತುರು, ತೊಡೆ ಬಡಿದರೆ ಜಡಿಮಳೆ. ಕೈ ಖಾಲಿ ಇಲ್ಲದಿದ್ದರೆ ಎಳೆಯುವುದೆಲ್ಲಿಂದ?

ಪರದೆ ಹಿಂದಿನವಳು:
ಎರಡು ಷೋ ಮುಗಿಸಿ ಬರೆಯುತ್ತಿದ್ದೇನೆ. ಬಟ್ಟೆ ಬದಲಿಸಲು ಇನ್ನೂ ದುಡ್ಡಿಲ್ಲ, ಹಳೆಯದನ್ನೇ ಮೂರು ತುಂಡು ಮಾಡಿದೆವು. ಪರವಾಗಿಲ್ಲ, ಅಷ್ಟೇ.

ಲಾಂದ್ರ ಮಾತ್ರ! ನಮ್ಮ ಹಾಯಿಕಂಬಕ್ಕೇ ಕೋಲು ಸಿಕ್ಕಿಸಿ ಬ್ಯಾಟರಿ ದೀಪ ಕಟ್ಟಿದೆವು. ಪೀಪಾಯಿ ಹಿಂದೆ ಕೂತು ಆಡಿಸುವವಳು ನಾನು, ಮನಸ್ಸಿನಲ್ಲೇ ಆರು ಎಣಿಸುತ್ತಾ. ಮೊದಲ ಷೋನಲ್ಲಿ ಕ್ಯಾಪ್ಟನ್ ಲಾಂದ್ರದ ಕಡೆಗೇ ವಾಲಿದ, ಉಳಿದವರು ಸರಿಯಾಗಿ ವಾಲಿದರು, ಇಬ್ಬರ ತಲೆ ಢಿಕ್ಕಿ. ಎರಡನೇ ಷೋನಲ್ಲಿ ಎಲ್ಲ ಕೂಡಿಬಂತು. ಪೀಪಾಯಿಯ ಸಂದಿಯಿಂದ ನೋಡಿದರೆ ಮುಂದಿನ ಸಾಲಿನ ಮಕ್ಕಳು ತೊಡೆ ಬಡಿಯುತ್ತಾ ತಾವೂ ವಾಲುತ್ತಿದ್ದಾರೆ. ಯಾರೂ ಹೇಳಿರಲಿಲ್ಲ. ಕಡೆಯ ಕುರ್ಚಿಯ ಹುಡುಗಿಯಂತೂ ಕೆಳಗೆ ಬೀಳುವಷ್ಟು.

ಹೊಸ ತೊಂದರೆ ಒಂದೇ. ಲಾಂದ್ರವನ್ನೇ ದಿಟ್ಟಿಸಿ ನಮ್ಮ ಅಡುಗೆಯವನಿಗೆ ನಿಜವಾಗಿಯೂ ಹೊಟ್ಟೆ ತೊಳಸುತ್ತಿದೆ.

ಡೆಕ್ಕಿನಿಂದ ಇಳಿದವನು:
ಹೊಸಬರಿಗೆ ದಿಗಂತ ನೋಡು ಅನ್ನುತ್ತಿದ್ದೆವು. ಅವನು ಸಭಾಂಗಣದ ಹಿಂದಿನ ಗೋಡೆ ನೋಡಲಿ. ಲಾಂದ್ರವನ್ನು ಓರೆಗಣ್ಣಿನಲ್ಲಿ ಗಮನಿಸಿದರೆ ಸಾಕು.